ಹೋಲಿಕೆಯೊಂದೇ ಸಾಕ್ಷಿಯಲ್ಲ: ಕಲ್ಲಿನಿಂದ ಪಳೆಯುಳಿಕೆಯನ್ನು ಬೇರ್ಪಡಿಸಲು ಮನುಷ್ಯ ಕಲಿತ ಬಗೆ



ಹಳ್ಳದ ದಂಡೆಯಲ್ಲೋ ಹೊಲದ ಬದುವಿನಲ್ಲೋ ನಡೆದುಹೋಗುವಾಗ ವಿಚಿತ್ರ ಆಕಾರದ ಕಲ್ಲೊಂದು ಕಣ್ಣಿಗೆ ಬೀಳುವುದುಂಟು. ಒಂದು ನುಣುಪಾಗಿ, ದುಂಡಗೆ, ಮೊಟ್ಟೆಯಂತಿರುತ್ತದೆ. ಇನ್ನೊಂದು ಆಮೆಯ ಬೆನ್ನಿನಂತೆ ಬಿರುಕುಬಿಟ್ಟಿರುತ್ತದೆ. ಮತ್ತೊಂದನ್ನು ಒಡೆದರೆ ಒಳಮೈಯಲ್ಲಿ ಜರೀಗಿಡದ ಎಲೆಗಳಂತಹ ಕಪ್ಪು ಚಿತ್ತಾರ ಕಾಣುತ್ತದೆ. ಆಗ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆ: ಇದು ಬರಿಯ ಕಲ್ಲೋ, ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಜೀವಿಯ ಪಳೆಯುಳಿಕೆಯೋ?

ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ನಿಮ್ಮಂತೆಯೇ ಕಲ್ಲನ್ನು ಕೈಯಲ್ಲಿ ಹಿಡಿದು ಯೋಚಿಸಿದವರಲ್ಲಿ ವೈದ್ಯರಿದ್ದರು, ಪ್ರಾಧ್ಯಾಪಕರಿದ್ದರು, ತಮ್ಮ ಕಾಲದ ದೊಡ್ಡ ವಿದ್ವಾಂಸರೂ ಇದ್ದರು. ಅವರಲ್ಲಿ ಅನೇಕರು ಮೋಸಹೋದರು, ಕೆಲವರು ಸರಿಯಾದ ದಾರಿ ಕಂಡರು. ಕಿರುತೆರೆಯ ಮೇಲೆ ಚಿತ್ರ ಕ್ಷಣಮಾತ್ರದಲ್ಲಿ ಸರಿದುಹೋಗುತ್ತದೆ. ಅಚ್ಚಿನ ಪುಟದಲ್ಲಾದರೆ ನಿಧಾನವಾಗಿ ನಿಂತು ನೋಡಲು ಅವಕಾಶವಿದೆ. ಆದ್ದರಿಂದ ಅವರ ಸೋಲು ಗೆಲುವುಗಳ ಕತೆಯನ್ನು ಇಲ್ಲಿ ಕ್ರಮವಾಗಿ ನೋಡೋಣ. ಕಲ್ಲನ್ನು ನೋಡಲು ಹೊಸದಾಗಿ ಕಲಿಯುವವರಿಗೆ ಬೇಕಾದ ಪಾಠಗಳೆಲ್ಲ ಆ ಕತೆಯೊಳಗೇ ಇವೆ.

ಅಗೆದು ತೆಗೆದದ್ದೆಲ್ಲ ಒಂದೇ ಆಗಿದ್ದ ಕಾಲ

ಪಳೆಯುಳಿಕೆಗೆ ಇಂಗ್ಲಿಷಿನಲ್ಲಿ ಬಳಸುವ 'ಫಾಸಿಲ್' ಎಂಬ ಪದ ಬಂದದ್ದು ಲ್ಯಾಟಿನ್ ಭಾಷೆಯಿಂದ. 'ಅಗೆದು ತೆಗೆದದ್ದು' ಎಂಬುದಷ್ಟೇ ಅದರ ಮೂಲ ಅರ್ಥ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಕಾನ್ರಾಡ್ ಗೆಸ್ನರ್ 1565ರಲ್ಲಿ ಇಂತಹ ವಸ್ತುಗಳ ಬಗ್ಗೆ ಒಂದು ಸಚಿತ್ರ ಪುಸ್ತಕ ಪ್ರಕಟಿಸಿದ. ಅದರಲ್ಲಿ ರತ್ನಗಳು, ಹರಳುಗಳು, ಅದಿರುಗಳು, ಕಲ್ಲಾದ ಚಿಪ್ಪುಗಳು ಎಲ್ಲವೂ ಒಟ್ಟೊಟ್ಟಿಗೇ ಇದ್ದವು. ನೆಲದೊಳಗಿನಿಂದ ಬಂದದ್ದೆಲ್ಲವನ್ನೂ ಆ ಕಾಲದವರು ಒಂದೇ ಕುಟುಂಬವೆಂದು ಕಂಡಿದ್ದರು.

ಹಾಗಾದರೆ ಬೆಟ್ಟದ ಮೇಲಿನ ಬಂಡೆಯಲ್ಲಿ ಕಡಲ ಚಿಪ್ಪಿನ ಆಕಾರ ಬಂದದ್ದು ಹೇಗೆ? ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿಯೇ ಗ್ರೀಕ್ ಚಿಂತಕ ಝೆನೊಫೇನಿಸ್, ಒಳನಾಡಿನ ಚಿಪ್ಪುಗಳನ್ನೂ ಕಲ್ಲುಗಣಿಯಲ್ಲಿ ಸಿಕ್ಕ ಮೀನಿನ ಅಚ್ಚುಗಳನ್ನೂ ಗಮನಿಸಿ, ಆ ನೆಲ ಒಮ್ಮೆ ನೀರಿನಡಿಯಲ್ಲಿ ಇದ್ದಿರಬೇಕೆಂದು ಹೇಳಿದ್ದ. ಆದರೆ ಆ ಮಾತು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಬಂಡೆಯೊಳಗೇ ಆಕಾರ ಕೊಡುವ ಗುಪ್ತಶಕ್ತಿಯೊಂದಿದೆ, ನಕ್ಷತ್ರಗಳ ಪ್ರಭಾವದಿಂದ ಅದು ಜೀವಿಗಳನ್ನು ಅನುಕರಿಸುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಉಳಿಯಿತು. ಸುಮಾರು 1500ರ ಹೊತ್ತಿಗೆ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಇಟಲಿಯ ಬೆಟ್ಟಗಳ ಚಿಪ್ಪುಗಳನ್ನು ನೋಡಿ ಅವು ನಿಜವಾದ ಕಡಲಜೀವಿಗಳದ್ದೇ ಎಂದು ಟಿಪ್ಪಣಿ ಬರೆದಿಟ್ಟ. ಆದರೆ ಆ ಟಿಪ್ಪಣಿಗಳು ಅವನ ಕಾಲದಲ್ಲಿ ಅಚ್ಚಾಗಲಿಲ್ಲ.

ಈಗ ನಮಗೆ ಆ ಗುಪ್ತಶಕ್ತಿಯ ಮಾತು ನಗು ತರಿಸಬಹುದು. ಆದರೆ ಅದರ ಹಿಂದೆ ಒಂದು ನ್ಯಾಯವಾದ ಅನುಮಾನವಿತ್ತು. ನಿರ್ಜೀವ ಪ್ರಕೃತಿಯೂ ಸುಂದರ ಆಕಾರಗಳನ್ನು ಮಾಡಬಲ್ಲುದು. ಹರಳುಗಳಿಗೆ ಆರು ಮುಖಗಳು ಮೂಡುವುದಿಲ್ಲವೆ? ಅಂದಮೇಲೆ ಚಿಪ್ಪಿನ ಆಕಾರ ಏಕೆ ಮೂಡಬಾರದು? ಇದಕ್ಕೆ ಉತ್ತರ ಹೇಳಲು 'ನೋಡಲು ಹಾಗೆಯೇ ಇದೆ' ಎಂದರೆ ಸಾಲದಾಗಿತ್ತು. ಬೇರೆ ಬಗೆಯ ಸಾಕ್ಷ್ಯ ಬೇಕಾಗಿತ್ತು.

ಶಾರ್ಕ್ ಮೀನಿನ ಬಾಯಲ್ಲಿ ದೊರೆತ ಉತ್ತರ

ಮಾಲ್ಟಾ ದ್ವೀಪದಲ್ಲಿ ಹೇರಳವಾಗಿ ಸಿಗುತ್ತಿದ್ದ ತ್ರಿಕೋನಾಕಾರದ ನುಣುಪು ಕಲ್ಲುಗಳನ್ನು ಜನರು 'ನಾಲಿಗೆಗಲ್ಲು'ಗಳೆಂದು ಕರೆಯುತ್ತಿದ್ದರು. ಅವು ವಿಷವನ್ನು ಪರಿಹರಿಸುತ್ತವೆಂದು ನಂಬಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಚಂದ್ರಗ್ರಹಣದ ವೇಳೆ ಅವು ಆಕಾಶದಿಂದ ಬೀಳುತ್ತವೆಂಬ ಮಾತನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದ.

1666ರ ಅಕ್ಟೋಬರಿನಲ್ಲಿ ಇಟಲಿಯ ಲಿವೋರ್ನೊ ಬಳಿ ಮೀನುಗಾರರು ಭಾರಿ ಶಾರ್ಕ್ ಒಂದನ್ನು ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸ್ ನಗರಕ್ಕೆ ತರಿಸಿ, ಡೆನ್ಮಾರ್ಕಿನಿಂದ ಬಂದಿದ್ದ ಅಂಗರಚನಾಶಾಸ್ತ್ರಜ್ಞ ನೀಲ್ಸ್ ಸ್ಟೆನ್ಸನ್‌ಗೆ ಒಪ್ಪಿಸಲಾಯಿತು. ಇತಿಹಾಸ ಇವನನ್ನು ಸ್ಟೆನೊ ಎಂಬ ಹೆಸರಿನಿಂದ ನೆನೆಯುತ್ತದೆ. ಶಾರ್ಕಿನ ಹಲ್ಲುಗಳು ನಾಲಿಗೆಗಲ್ಲುಗಳನ್ನು ಪಡಿಯಚ್ಚಿನಂತೆ ಹೋಲುತ್ತಿದ್ದವು. ಹೀಗೆ ಹೋಲಿಕೆಯನ್ನು ಗಮನಿಸಿದವರಲ್ಲಿ ಇವನು ಮೊದಲಿಗನಲ್ಲ. ಇಟಲಿಯ ಫಾಬಿಯೊ ಕೊಲೊನ್ನಾ 1616ರಲ್ಲೇ ಅವು ಶಾರ್ಕಿನ ಹಲ್ಲುಗಳೆಂದು ವಾದಿಸಿದ್ದ. ಸ್ಟೆನೊನ ಹೆಚ್ಚುಗಾರಿಕೆ ಇರುವುದು ಅವನು ಹೋಲಿಕೆಯ ಬಳಿ ನಿಲ್ಲದೆ ಮುಂದಕ್ಕೆ ಹೋದದ್ದರಲ್ಲಿ.

ಅವನು ಯೋಚಿಸಿದ ರೀತಿಯನ್ನು ಗಮನಿಸಿ. ಬಂಡೆಯ ಸಂದಿನಲ್ಲಿ ಬೆಳೆಯುವ ಮರದ ಬೇರು ಜಾಗ ಸಾಲದೆ ಸೊಟ್ಟಗಾಗುತ್ತದೆ, ಇಲ್ಲವೇ ಬಂಡೆಯನ್ನೇ ಸೀಳುತ್ತದೆ. ನಾಲಿಗೆಗಲ್ಲುಗಳು ಗಟ್ಟಿ ಬಂಡೆಯೊಳಗೆ ಬೆಳೆದವುಗಳಾಗಿದ್ದರೆ ಅವೂ ಹೀಗೆಯೇ ಸೊಟ್ಟಗಾಗಿ, ಸುತ್ತಲಿನ ಕಲ್ಲು ಬಿರುಕುಬಿಟ್ಟಿರಬೇಕಿತ್ತು. ಹಾಗೇನೂ ಆಗಿಲ್ಲ. ಎಲ್ಲಿ ಸಿಕ್ಕರೂ ಅವುಗಳ ಆಕಾರ ಒಂದೇ. ಆದ್ದರಿಂದ ಮೊದಲು ಅವು ಗಟ್ಟಿ ವಸ್ತುಗಳಾಗಿದ್ದವು, ಸುತ್ತಲಿನದು ಮೆತ್ತಗಿನ ಕೆಸರಾಗಿತ್ತು, ಆ ಕೆಸರು ಆಮೇಲೆ ಕಲ್ಲಾಯಿತು ಎಂದು ಅವನು ತರ್ಕಿಸಿದ. 1667ರಲ್ಲಿ ಶಾರ್ಕಿನ ತಲೆಯ ವರದಿ ಪ್ರಕಟವಾಯಿತು. 1669ರ ಕೃತಿಯಲ್ಲಿ ಅವನು ಪದರಪದರವಾಗಿ ಕೂಡಿದ ಶಿಲೆಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನೂ ಮುಂದಿಟ್ಟ. ಭೂವಿಜ್ಞಾನದ ಅಡಿಪಾಯಗಳಲ್ಲಿ ಇದೂ ಒಂದು.

ಅದೇ ಸುಮಾರಿಗೆ ಲಂಡನ್ನಿನಲ್ಲಿ ರಾಬರ್ಟ್ ಹುಕ್ ಮತ್ತೊಂದು ದಾರಿ ತೋರಿಸಿದ. 1665ರಲ್ಲಿ ಪ್ರಕಟವಾದ ತನ್ನ ಸೂಕ್ಷ್ಮದರ್ಶಕದ ಪುಸ್ತಕದಲ್ಲಿ ಅವನು ಕಲ್ಲಾದ ಮರವನ್ನು ಮಾಮೂಲಿ ಮರದೊಂದಿಗೆ ಹೋಲಿಸಿ, ಎರಡರ ಒಳಗೂ ಒಂದೇ ರೀತಿಯ ಸೂಕ್ಷ್ಮ ರಂಧ್ರಗಳಿವೆಯೆಂದು ಕಂಡುಕೊಂಡ. ಹೊರಗಿನ ರೂಪವನ್ನು ನೀರು, ಗಾಳಿ, ಬಿಸಿಲು ಯಾವುದು ಬೇಕಾದರೂ ಕೆತ್ತಬಹುದು. ಒಳಗಿನ ಕಣಕಣದ ರಚನೆಯನ್ನು ಹಾಗೆ ಕೆತ್ತುವುದು ಅಸಾಧ್ಯ.

ಒಂದೇ ವರ್ಷದ ಎರಡು ಪುಸ್ತಕಗಳು

ದಾರಿ ಗೊತ್ತಾಯಿತೆಂದ ಮಾತ್ರಕ್ಕೆ ಎಲ್ಲರೂ ಅದರಲ್ಲಿ ನಡೆದರೆಂದಲ್ಲ. 1726ರಲ್ಲಿ ಯುರೋಪಿನಲ್ಲಿ ಹೊರಬಂದ ಎರಡು ಕೃತಿಗಳು ಇದಕ್ಕೆ ನಿದರ್ಶನ.

ಮೊದಲನೆಯದು ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಯೋಹಾನ್ ಬೆರಿಂಗರ್‌ನದು. 1725ರಿಂದ ಮೂವರು ಯುವಕರು ಹತ್ತಿರದ ಗುಡ್ಡದಿಂದ ಅವನಿಗೆ ಸಾವಿರಾರು ಕಲ್ಲುಗಳನ್ನು ತಂದುಕೊಟ್ಟರು. ಅವುಗಳ ಮೇಲೆ ಹಲ್ಲಿ, ಕಪ್ಪೆ, ಬಲೆಯ ಸಮೇತ ಜೇಡ ಮೊದಲಾದ ಉಬ್ಬುಚಿತ್ರಗಳಿದ್ದವು. ಅಷ್ಟೇ ಅಲ್ಲ, ಸೂರ್ಯ, ಚಂದ್ರ, ಬಾಲದ ನಕ್ಷತ್ರ, ಹೀಬ್ರೂ ಅಕ್ಷರಗಳೂ ಇದ್ದವು. ಬೆರಿಂಗರ್ ಇವುಗಳ ಚಿತ್ರ ಬರೆಸಿ ಪುಸ್ತಕ ಹೊರತಂದ. ಆಮೇಲೆ ತಿಳಿದದ್ದು, ಇಬ್ಬರು ಸಹೋದ್ಯೋಗಿಗಳು ಅವನ ಮೇಲಿನ ಅಸಮಾಧಾನದಿಂದ ಆ ಕಲ್ಲುಗಳನ್ನು ಕೆತ್ತಿಸಿ ಹೂತಿಡಿಸಿದ್ದರೆಂದು. ವಿಷಯ ನ್ಯಾಯಾಲಯದ ವಿಚಾರಣೆಯವರೆಗೂ ಹೋಯಿತು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಕೆಲವು ಕಲ್ಲುಗಳ ಮೇಲೆ ಶಿಲ್ಪಿಯ ಚಾಕುವಿನ ಗುರುತುಗಳಂತಹ ಗೆರೆಗಳಿರುವುದನ್ನು ಬೆರಿಂಗರ್ ತಾನೇ ಪುಸ್ತಕದಲ್ಲಿ ಬರೆದಿದ್ದಾನೆ. ಸಾಕ್ಷ್ಯ ಕಣ್ಣಿಗೆ ಬಿದ್ದಿತ್ತು, ಆದರೆ ಅವನ ಮನಸ್ಸು ಅದನ್ನು ಸಾಕ್ಷ್ಯವೆಂದು ಎಣಿಸಲಿಲ್ಲ.

ಎರಡನೆಯದು ಜ್ಯೂರಿಕ್‌ನ ಯೋಹಾನ್ ಶಾಯ್ಖ್‌ಟ್ಸರ್‌ನದು. ಸುಣ್ಣಕಲ್ಲಿನ ಹಲಗೆಯೊಂದರಲ್ಲಿ ಸಿಕ್ಕ ಅಸ್ಥಿಪಂಜರವನ್ನು ಅವನು ಬೈಬಲಿನ ಮಹಾಪ್ರಳಯದಲ್ಲಿ ಮುಳುಗಿ ಸತ್ತ ಮನುಷ್ಯನದೆಂದು ಸಾರಿದ. ಇದು ಕೆತ್ತನೆಯಲ್ಲ, ನಿಜವಾದ ಪಳೆಯುಳಿಕೆಯೇ. ಆದರೆ ಮನುಷ್ಯನದಲ್ಲ. 1811ರಲ್ಲಿ ಫ್ರಾನ್ಸಿನ ಜಾರ್ಜ್ ಕುವಿಯೆ, ಹಾಲೆಂಡಿನ ಹಾರ್ಲೆಂ ನಗರದ ಸಂಗ್ರಹಾಲಯದಲ್ಲಿದ್ದ ಆ ಹಲಗೆಯನ್ನು ಪರೀಕ್ಷಿಸಿದ. ಇದು ಸಲಮಾಂಡರ್ ಎಂಬ ಉಭಯಚರದ್ದಾದರೆ ಕಲ್ಲಿನೊಳಗೆ ಇಂತಿಂತಹ ಕಡೆ ಮುಂಗಾಲುಗಳು ಹುದುಗಿರಬೇಕೆಂದು ಮೊದಲೇ ಹೇಳಿ, ಅನುಮತಿ ಪಡೆದು ಕಲ್ಲನ್ನು ಮೆಲ್ಲನೆ ಕೆರೆದ. ಹೇಳಿದ ಜಾಗದಲ್ಲೇ ಮುಂಗಾಲುಗಳು ಹೊರಬಂದವು.

ಒಂದು ಕಡೆ ಪಳೆಯುಳಿಕೆಯೇ ಅಲ್ಲದ್ದನ್ನು ಪಳೆಯುಳಿಕೆಯೆಂದದ್ದು, ಇನ್ನೊಂದು ಕಡೆ ನಿಜವಾದ ಪಳೆಯುಳಿಕೆಗೆ ತಪ್ಪು ಹೆಸರಿಟ್ಟದ್ದು. ಎರಡರ ಮೂಲವೂ ಒಂದೇ. ನೋಡುವ ಮೊದಲೇ ಕಾಣಬೇಕಾದದ್ದು ಯಾವುದೆಂದು ಮನಸ್ಸು ನಿರ್ಧರಿಸಿಬಿಟ್ಟಿತ್ತು. ಕುವಿಯೆ ಮಾಡಿದ್ದು ಇದಕ್ಕೆ ತದ್ವಿರುದ್ಧ. ತನ್ನ ಊಹೆ ಸುಳ್ಳಾಗಬಹುದಾದ ಒಂದು ಪರೀಕ್ಷೆಯನ್ನು ಅವನು ತಾನೇ ಒಡ್ಡಿದ.

ಕೆನಡಾದ 'ಮುಂಜಾವಿನ ಜೀವಿ'

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಯಿತು. ಕೆನಡಾದ ಅತಿ ಪ್ರಾಚೀನ ಸುಣ್ಣಕಲ್ಲಿನಲ್ಲಿ ಹಸಿರು ಬಿಳಿ ಪಟ್ಟೆಗಳು ಒಂದರ ಮೇಲೊಂದು ಅಲೆಯಲೆಯಾಗಿ ಜೋಡಿಕೊಂಡಿದ್ದವು. ಅಲ್ಲಿನ ಹೆಸರಾಂತ ಭೂವಿಜ್ಞಾನಿ ವಿಲಿಯಂ ಡಾಸನ್ 1865ರಲ್ಲಿ ಇದನ್ನು ಏಕಕೋಶಜೀವಿಗಳ ಗುಂಪಿಗೆ ಸೇರಿದ ಭಾರಿ ಗಾತ್ರದ ಜೀವಿಯೆಂದು ಗುರುತಿಸಿ, 'ಕೆನಡಾದ ಮುಂಜಾವಿನ ಜೀವಿ' ಎಂಬರ್ಥದ 'ಇಯೊಝೋನ್ ಕೆನಡೆನ್ಸ್' ಎಂಬ ಹೆಸರಿಟ್ಟ. ಚಾರ್ಲ್ಸ್ ಡಾರ್ವಿನ್ ಕೂಡ ತನ್ನ ಪ್ರಸಿದ್ಧ ಗ್ರಂಥದ ಮುಂದಿನ ಆವೃತ್ತಿಯಲ್ಲಿ ಇದನ್ನು ಪ್ರಸ್ತಾಪಿಸಿದ.

ಐರ್ಲೆಂಡಿನ ಇಬ್ಬರು ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಇದು ಕೇವಲ ಖನಿಜಗಳ ಜೋಡಣೆ ಎಂದರು. ವಾದ ಸುಮಾರು ಮೂವತ್ತು ವರ್ಷ ನಡೆಯಿತು. ಕೊನೆಗೆ 1894ರಲ್ಲಿ ಉತ್ತರ ಬಂದದ್ದು ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯಿಂದ. ಅದು ಉಗುಳಿದ ಸುಣ್ಣಕಲ್ಲಿನ ತುಂಡುಗಳಲ್ಲಿ ಇಂಥವೇ ಪಟ್ಟೆಗಳು ಕಂಡುಬಂದವು. ಕಾವಿನಲ್ಲಿ ಬೆಂದ ಕಲ್ಲಿನಲ್ಲಿ ಖನಿಜಗಳು ತಾವಾಗಿಯೇ ಹೀಗೆ ಪದರಗಟ್ಟುತ್ತವೆಂದು ಸಿದ್ಧವಾದಮೇಲೆ 'ಮುಂಜಾವಿನ ಜೀವಿ'ಗೆ ನಿಲ್ಲಲು ನೆಲೆ ಉಳಿಯಲಿಲ್ಲ. ಜೀವದ ನೆರವಿಲ್ಲದೆ ಇದೇ ಆಕಾರ ಮೂಡಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಪಳೆಯುಳಿಕೆಯ ವಿಜ್ಞಾನ ಅಂದಿನಿಂದ ಇನ್ನಷ್ಟು ಬಿಗಿಯಾಗಿ ಕೇಳತೊಡಗಿತು.

ಭೀಮ್‌ಬೇಟ್ಕಾದ ಹೆಜ್ಜೇನು

ಇದೆಲ್ಲ ಹಳೆಯ ಕಾಲದ ಮಾತು, ಈಗ ಯಾರು ಹೀಗೆ ತಪ್ಪುತ್ತಾರೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲೇ ಇತ್ತೀಚೆಗೆ ನಡೆದ ಪ್ರಸಂಗವೊಂದನ್ನು ಹೇಳುತ್ತೇನೆ.

ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಗಳು ಆದಿಮಾನವರ ಚಿತ್ರಗಳಿಗಾಗಿ ಜಗತ್ಪ್ರಸಿದ್ಧ. 2020ರ ಮಾರ್ಚಿನಲ್ಲಿ ಅಲ್ಲಿಗೆ ಭೇಟಿಯಿತ್ತ ಭೂವಿಜ್ಞಾನಿಗಳಿಗೆ ಗುಹೆಯ ಬಂಡೆಯ ಮೇಲ್ಭಾಗದಲ್ಲಿ ಎಲೆಯಾಕಾರದ ಗುರುತೊಂದು ಕಂಡಿತು. ನಡುವೆ ದಿಂಡು, ಎರಡು ಪಕ್ಕಗಳಲ್ಲಿ ಸಾಲುಸಾಲು ಗೆರೆಗಳು. ಅದು ಸುಮಾರು 55 ಕೋಟಿ ವರ್ಷಗಳ ಹಿಂದಿನ 'ಡಿಕಿನ್ಸೋನಿಯ' ಎಂಬ ಆದಿಜೀವಿಯ ಪಳೆಯುಳಿಕೆಯೆಂದು 2021ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂದಿತು. ಪತ್ರಿಕೆಗಳೆಲ್ಲ ಸಂಭ್ರಮದಿಂದ ಸುದ್ದಿ ಮಾಡಿದವು.

ಇದರಲ್ಲಿ ಏನು ಪಣಕ್ಕಿತ್ತೆಂಬುದನ್ನು ಗಮನಿಸಿ. ಭೀಮ್‌ಬೇಟ್ಕಾದ ಬಂಡೆಗಳು ವಿಂಧ್ಯ ಶಿಲಾಸಮೂಹಕ್ಕೆ ಸೇರಿದವು. ಅವುಗಳ ಮೇಲಿನ ಪದರಗಳ ವಯಸ್ಸಿನ ಬಗ್ಗೆ ವಿದ್ವಾಂಸರಲ್ಲಿ ಬಹಳ ಕಾಲದ ಚರ್ಚೆಯಿದೆ. ಡಿಕಿನ್ಸೋನಿಯ ನಿಜವಾಗಿದ್ದರೆ ಆ ಬಂಡೆಗಳಿಗೆ ಸುಮಾರು 55 ಕೋಟಿ ವರ್ಷ. ಬೇರೆ ವಿಧಾನಗಳ ಸಾಕ್ಷ್ಯವಾದರೋ ಸುಮಾರು 100 ಕೋಟಿ ವರ್ಷಗಳತ್ತ ಕೈತೋರುತ್ತಿತ್ತು. ಗೋಡೆಯ ಮೇಲಿನ ಒಂದು ಗುರುತಿನಿಂದ ಮಧ್ಯಭಾರತದ ಭೂಚರಿತ್ರೆಯೇ 45 ಕೋಟಿ ವರ್ಷ ಅತ್ತಿತ್ತ ಆಗುವಂತಿತ್ತು.

ಮತ್ತೊಂದು ತಂಡ ಸ್ಥಳಕ್ಕೆ ಹೋಗಿ ಅದೇ ಗುರುತನ್ನು ಹತ್ತಿರದಿಂದ ನೋಡಿತು. ಅಷ್ಟರಲ್ಲಿ ಅದರ ಒಂದು ಭಾಗ ಬಂಡೆಯಿಂದ ಕಳಚಿ ಬರುತ್ತಿತ್ತು. ಬಂಡೆಯೊಳಗೆ ಹುದುಗಿದ ಪಳೆಯುಳಿಕೆ ಹಾಗೆ ಕಳಚುವುದಿಲ್ಲ. ಒಳಗೆ ಜೇನುಗೂಡಿನ ಕೋಶಗಳ ರಚನೆ ಕಂಡಿತು. ಸುತ್ತಮುತ್ತಲಿನ ಬಂಡೆಗಳಲ್ಲಿ ಹೆಜ್ಜೇನಿನ ದೊಡ್ಡ ದೊಡ್ಡ ಗೂಡುಗಳು ನೇತಾಡುತ್ತಿದ್ದವು. ಆದಿಜೀವಿಯೆಂದು ಭಾವಿಸಿದ್ದು ಹಳೆಯ ಹೆಜ್ಜೇನು ಗೂಡಿನ ಅಳಿದುಳಿದ ಭಾಗ! 2023ರಲ್ಲಿ ಇದು ಪ್ರಕಟವಾಯಿತು. ಮೊದಲ ಲೇಖನದ ವಿಜ್ಞಾನಿಗಳು ಹಟ ಹಿಡಿಯಲಿಲ್ಲ. ಹೊಸ ಸಾಕ್ಷ್ಯವನ್ನು ಒಪ್ಪಿಕೊಂಡು ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಂಡರು. ಮೂವತ್ತು ವರ್ಷ ಎಳೆದಾಡಿದ ಕೆನಡಾದ ವಾದದೊಂದಿಗೆ ಇದನ್ನು ಹೋಲಿಸಿ ನೋಡಿ.

ಮೊಟ್ಟೆಗಳ ಎರಡು ಕತೆ

ಕಲ್ಲನ್ನು ಜೀವಿಯೆಂದು ತಿಳಿಯುವಂತೆ, ಜೀವಿಯ ಕುರುಹನ್ನು ಬರಿಯ ಕಲ್ಲೆಂದು ತಿಳಿಯುವುದೂ ಉಂಟು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡಲ್ಯ ಗ್ರಾಮದಲ್ಲಿ ಹೊಲ ಉಳುವಾಗ ಸಿಕ್ಕ ದುಂಡುಕಲ್ಲುಗಳನ್ನು ಜನ ಹೊಲವನ್ನೂ ದನಕರುಗಳನ್ನೂ ಕಾಯುವ 'ಕಾಕಡ್ ಭೈರವ' ಎಂದು ತಲೆಮಾರುಗಳಿಂದ ಪೂಜಿಸುತ್ತ ಬಂದಿದ್ದರು. ಅವುಗಳಲ್ಲಿ ಡೈನೊಸಾರ್ ಮೊಟ್ಟೆಗಳಿವೆಯೆಂದು ತಜ್ಞರು ಗುರುತಿಸಿದ ಸುದ್ದಿ 2023ರ ಡಿಸೆಂಬರಿನಲ್ಲಿ ಬಂದಿತು. ಅದೇ ವರ್ಷದ ಆರಂಭದಲ್ಲಿ ಅದೇ ಜಿಲ್ಲೆಯಿಂದ ಟೈಟನೊಸಾರ್ ಎಂಬ ಭಾರಿ ಸಸ್ಯಾಹಾರಿಗಳ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಸಂಶೋಧಕರು ವರದಿ ಮಾಡಿದ್ದರು.

ಇದಕ್ಕೆ ಪ್ರತಿಯಾಗಿ, 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೆರೆಯೊಂದರಲ್ಲಿ ಹೂಳೆತ್ತುವಾಗ ದೊಡ್ಡ ದೊಡ್ಡ ಗುಂಡುಗಳು ಹೊರಬಂದಾಗ 'ಡೈನೊಸಾರ್ ಮೊಟ್ಟೆ' ಎಂಬ ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ತಜ್ಞರು ನೋಡಿದಾಗ ಅವು ಖನಿಜ ಸುತ್ತುಗಟ್ಟಿ ಬೆಳೆದ ಗಂಟುಕಲ್ಲುಗಳು. ಅವುಗಳ ಜೊತೆಗೆ ಅಮ್ಮೊನೈಟ್ ಎಂಬ ಕಡಲಜೀವಿಯ ನಿಜವಾದ ಪಳೆಯುಳಿಕೆಗಳೂ ಇದ್ದವು. ಜನರ ಗಮನ ಸೆಳೆದದ್ದು ಗಂಟುಕಲ್ಲು, ನಿಜವಾದ ನಿಧಿ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

ಎರಡನ್ನೂ ಬೇರ್ಪಡಿಸುವುದು ಹೇಗೆ? ದುಂಡಗಿರುವುದು ಎರಡಕ್ಕೂ ಸಮಾನ. ಆದರೆ ಮೊಟ್ಟೆಗೆ ತೆಳುವಾದ, ಒಂದೇ ದಪ್ಪದ ಚಿಪ್ಪಿರುತ್ತದೆ, ಆ ಚಿಪ್ಪಿನಲ್ಲಿ ಉಸಿರಾಟದ ಸೂಕ್ಷ್ಮ ರಂಧ್ರಗಳಿರುತ್ತವೆ. ಒಂದೇ ಗಾತ್ರದ ಹಲವು ಮೊಟ್ಟೆಗಳು ಒಂದೇ ಗೂಡಿನಲ್ಲಿ ಸಿಗುತ್ತವೆ. ಗಂಟುಕಲ್ಲಿಗೆ ಚಿಪ್ಪಿಲ್ಲ. ಒಂದು ನಿಂಬೆಯಷ್ಟಿದ್ದರೆ ಇನ್ನೊಂದು ಕುಂಬಳಕಾಯಿಯಷ್ಟಿರುತ್ತದೆ.

ನಮ್ಮೆಲ್ಲರಿಗೂ ಪರಿಚಿತವಾದ ಸಾಲಿಗ್ರಾಮದಲ್ಲಿ ಈ ಎರಡೂ ಕೂಡಿವೆ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮ ಹೊರಗಿನಿಂದ ಕರಿಯ ಗಂಟುಕಲ್ಲು. ಒಳಗಿನ ಚಕ್ರ ಕೋಟ್ಯಂತರ ವರ್ಷಗಳ ಹಿಂದಿನ ಅಮ್ಮೊನೈಟಿನ ಸುರುಳಿಚಿಪ್ಪಿನ ಅಚ್ಚು. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತೆಂಬುದಕ್ಕೆ ಅದು ಸಾಕ್ಷಿ. ಅದನ್ನು ದೇವರೆಂದು ಕಾಣುವ ಭಕ್ತಿಗೂ ಪಳೆಯುಳಿಕೆಯೆಂದು ಅರಿಯುವ ವಿಜ್ಞಾನಕ್ಕೂ ಜಗಳವಿರಬೇಕಾಗಿಲ್ಲ. ಎರಡೂ ಅದನ್ನು ಜೋಪಾನವಾಗಿ ಇಡುತ್ತವೆ.

ನಮ್ಮ ನಾಡಿನ ನೆಲದಲ್ಲಿ

ಈಗ ಕರ್ನಾಟಕದ ಮಾತಿಗೆ ಬರೋಣ. ಪಳೆಯುಳಿಕೆ ಹುಡುಕುವವರಿಗೆ ನಮ್ಮ ನಾಡು ತುಸು ನಿರಾಸೆ ತರುವ ನೆಲವೇ ಸರಿ. ಇಲ್ಲಿನ ಹೆಚ್ಚಿನ ಬಂಡೆಗಳು ಬಹಳ ಪ್ರಾಚೀನ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಕಣ್ಣಿಗೆ ಕಾಣುವಷ್ಟು ದೊಡ್ಡ ಪ್ರಾಣಿಗಳು ಭೂಮಿಯ ಮೇಲೆ ತೋರಿಕೊಂಡು 60 ಕೋಟಿ ವರ್ಷವೂ ಸರಿಯಾಗಿ ಆಗಿಲ್ಲ. ಅಂದಮೇಲೆ ಗ್ರಾನೈಟು ಮತ್ತು ನೈಸ್ ಬಂಡೆಗಳಲ್ಲಿ ಕಂಡ 'ಮೀನು', 'ಆಮೆ', 'ಹೆಜ್ಜೆ' ಯಾವುದೂ ಪಳೆಯುಳಿಕೆಯಾಗಿರಲಾರದು. ಕಾಲವೂ ಹೊಂದುವುದಿಲ್ಲ, ಕಾವಿನಲ್ಲಿ ಹುಟ್ಟಿದ ಆ ಕಲ್ಲಿನಲ್ಲಿ ಜೀವಿಯ ದೇಹ ಉಳಿಯುವುದೂ ಸಾಧ್ಯವಿಲ್ಲ.

ಆದರೂ ಕಣ್ಣನ್ನು ಮೋಸಗೊಳಿಸುವ ಆಕಾರಗಳು ನಮ್ಮಲ್ಲಿ ಬೇಕಾದಷ್ಟಿವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಹ ಕಲ್ಲುಗಳಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು ಹಾಗಾದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಉಡುಪಿಯ ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪದ ಕಂಬಗಳು ಯಾರೋ ಕಡೆದು ನಿಲ್ಲಿಸಿದಂತಿವೆ. ಅವೂ ಲಾವಾ ತಣಿದು ಕುಗ್ಗಿದಾಗ ಸೀಳಿದ ಕಲ್ಲುಗಳೇ. ವಿಜಯಪುರ, ಬೆಳಗಾವಿ, ಬೀದರ್ ಕಡೆಯ ಕಪ್ಪುಶಿಲೆ ಬಿಸಿಲು ಮಳೆಗೆ ಸವೆಯುವಾಗ ಈರುಳ್ಳಿಯ ಸಿಪ್ಪೆಯಂತೆ ಪದರು ಬಿಚ್ಚಿಕೊಳ್ಳುತ್ತದೆ, ನಡುವೆ ಮೊಟ್ಟೆಯಂತಹ ಗುಂಡು ಉಳಿಯುತ್ತದೆ. ನದಿಯ ಬಂಡೆಗಳ ಮೇಲಿನ ಹೆಜ್ಜೆಯಂತಹ ಗುಳಿಗಳನ್ನು ಸುಳಿಯಲ್ಲಿ ತಿರುಗಿದ ಗುಂಡುಕಲ್ಲುಗಳು ಕೊರೆದಿರುತ್ತವೆ. ಜರೀಗಿಡದಂತಹ ಕಪ್ಪು ಚಿತ್ತಾರಕ್ಕೆ ಡೆಂಡ್ರೈಟ್ ಎಂದು ಹೆಸರು. ಮ್ಯಾಂಗನೀಸ್ ಬೆರೆತ ನೀರು ಕಲ್ಲಿನ ಬಿರುಕಿನೊಳಗೆ ಇಳಿದು ಆರಿದಾಗ ಅದು ಮೂಡುತ್ತದೆ.

ಹಾಗೆಂದು ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲೂ ಬಾಗಲಕೋಟೆ ಸೀಮೆಯ ಕಲಾದಗಿ ಶಿಲಾಸಮೂಹದಲ್ಲೂ ಸ್ಟ್ರೊಮಾಟೊಲೈಟ್‌ಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪಾಚಿಯಂತೆ ಹರಡಿ, ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳಿವು. ಅಡ್ಡಲಾಗಿ ಕೊಯ್ದ ಎಲೆಕೋಸಿನಂತೆ ಕಾಣುತ್ತವೆ. ದೊಡ್ಡಗುಣಿಯವು 250 ಕೋಟಿ ವರ್ಷಗಳಿಗೂ ಹಳೆಯವು. ಗುರುಮಠಕಲ್ ಸೀಮೆಯಲ್ಲಿ ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಕುಂಟೆಗಳ ಗಸಿಯಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಜೀವಿಗಳು ದೊರೆತಿವೆ. ನಮ್ಮ ನೆಲದ ನಿಜವಾದ ಪಳೆಯುಳಿಕೆಗಳು ಬಹುಪಾಲು ಆಡಂಬರವಿಲ್ಲದವು. ಬೆರಗು ಹುಟ್ಟಿಸುವ ಆಕಾರದ ಕಲ್ಲುಗಳು ಬಹುಪಾಲು ಪಳೆಯುಳಿಕೆಗಳಲ್ಲ.

ಹೊಸಬರಿಗೆ ಐದು ಪ್ರಶ್ನೆಗಳು

ಇಷ್ಟೆಲ್ಲ ಕತೆಯನ್ನು ಐದು ಪ್ರಶ್ನೆಗಳಾಗಿ ಸಂಗ್ರಹಿಸಬಹುದು. ಕಲ್ಲು ಕೈಗೆ ಬಂದಾಗ ಇವನ್ನು ಒಂದೊಂದಾಗಿ ಕೇಳಿಕೊಳ್ಳಿ.

ಮೊದಲನೆಯದು, ಇದು ಯಾವ ಬಗೆಯ ಶಿಲೆ? ಜೇಡಿ, ಮರಳು, ಸುಣ್ಣ ಪದರಪದರವಾಗಿ ಕೂಡಿ ಆದ ಶಿಲೆಯಾದರೆ ಮುಂದಕ್ಕೆ ನೋಡಬಹುದು. ಗ್ರಾನೈಟು, ನೈಸ್ ಆದರೆ ಅಲ್ಲಿಗೇ ನಿಲ್ಲಬಹುದು.

ಎರಡನೆಯದು, ಇದೇ ಆಕಾರ ಮತ್ತೆ ಕಾಣುತ್ತದೆಯೆ? ಸ್ಟೆನೊನ ನಾಲಿಗೆಗಲ್ಲುಗಳನ್ನು ನೆನೆಯಿರಿ. ಜೀವಿಗಳಿಗೆ ಎಡಬಲದ ಸಮತೆ, ಕ್ರಮವಾಗಿ ಬೆಳೆದ ಗೆರೆ, ಒಂದೇ ಅಳತೆಯ ಪುನರಾವರ್ತನೆ ಇರುತ್ತದೆ. ಒಂದೇ ಒಂದು ಕಲ್ಲು, ಒಂದೇ ಒಂದು ಕೋನದಿಂದ ನೋಡಿದಾಗ ಮಾತ್ರ ಹಕ್ಕಿಯಂತೆ ಕಂಡರೆ ಅದು ಹಕ್ಕಿಯಲ್ಲ.

ಮೂರನೆಯದು, ಒಳರಚನೆ ಇದೆಯೆ? ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಮೂಳೆಯಾದರೆ ಸ್ಪಂಜಿನಂತಹ ರಂಧ್ರಗಳು, ಮರವಾದರೆ ಎಳೆಗಳು, ಚಿಪ್ಪಾದರೆ ತೆಳು ಪದರಗಳು ಕಾಣಬೇಕು. ಒಳಗೂ ಹೊರಗೂ ಒಂದೇ ಕಲ್ಲಾಗಿದ್ದರೆ ಸಂದೇಹಪಡಿ. ಮೂಳೆ ನಾಲಿಗೆಗೆ ಅಂಟುತ್ತದೆಂಬ ಮಾತು ಕೇಳಿರಬಹುದು. ಕೆಲವು ಬಗೆಯ ಜೇಡಿಯೂ ಹಾಗೆಯೇ ಅಂಟುವುದರಿಂದ ಅದನ್ನು ನೆಚ್ಚಬೇಡಿ.

ನಾಲ್ಕನೆಯದು, ಸುತ್ತಲಿನ ಕಲ್ಲಿಗೂ ಇದಕ್ಕೂ ಏನು ಸಂಬಂಧ? ಎಲೆಯ ಅಚ್ಚು ಪದರದ ಮೇಲೆ ಮಲಗಿರುತ್ತದೆ. ಡೆಂಡ್ರೈಟ್ ಬಿರುಕಿನ ಜಾಡಿನಲ್ಲಿ ಹಬ್ಬಿರುತ್ತದೆ, ಅದಕ್ಕೆ ಎಲೆಯ ನರಗಳಿರುವುದಿಲ್ಲ. ಬಂಡೆಯ ಮೇಲ್ಮೈಗೆ ಹೊರಗಿನಿಂದ ಮೆತ್ತಿಕೊಂಡದ್ದೋ, ಒಳಗೆ ಹುದುಗಿದ್ದೋ ಎಂಬುದನ್ನು ನೋಡಲು ಮರೆಯಬೇಡಿ. ಭೀಮ್‌ಬೇಟ್ಕಾದ ಉತ್ತರ ಇದ್ದದ್ದು ಅಲ್ಲಿಯೇ.

ಐದನೆಯದು, ಜೀವದ ನೆರವಿಲ್ಲದೆ ಇದು ಆಗಿರಬಹುದೆ? ನೀರು, ಗಾಳಿ, ಕಾವು, ಖನಿಜ, ಉಳಿ ಇವೆಲ್ಲವನ್ನೂ ತಳ್ಳಿಹಾಕಿದ ಮೇಲೆಯೇ ಪಳೆಯುಳಿಕೆ ಎಂಬ ಮಾತು ಬಾಯಿಗೆ ಬರಲಿ.

ಕೊನೆಯದಾಗಿ ಒಂದು ವಿನಂತಿ. ಐದೂ ಪ್ರಶ್ನೆಗಳಿಗೆ ಭರವಸೆಯ ಉತ್ತರ ಬಂದರೆ ಕಲ್ಲನ್ನು ಒಡೆಯಬೇಡಿ, ಕಿತ್ತು ಮನೆಗೆ ತರಬೇಡಿ. ಪಳೆಯುಳಿಕೆಯ ಅರ್ಧ ಬೆಲೆ ಅದು ಇದ್ದ ಜಾಗದಲ್ಲಿದೆ. ಯಾವ ಪದರದಿಂದ ಬಂತೆಂದು ತಿಳಿಯದ ಮೊಟ್ಟೆ ಕಪಾಟಿನ ಅಲಂಕಾರವಾದೀತು, ಭೂಮಿಯ ಚರಿತ್ರೆಗೆ ಸಾಕ್ಷಿ ಹೇಳಲಾರದು. ಪಕ್ಕದಲ್ಲಿ ಅಳತೆಗೆಂದು ಒಂದು ನಾಣ್ಯವಿಟ್ಟು ಹಲವು ಕಡೆಗಳಿಂದ ಛಾಯಾಚಿತ್ರ ತೆಗೆಯಿರಿ. ಊರು, ಹಳ್ಳ, ದಿನಾಂಕ ಬರೆದಿಟ್ಟುಕೊಳ್ಳಿ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ, ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೋ ತಿಳಿಸಿ.

ಅವರು 'ಇದು ಬರಿಯ ಕಲ್ಲು' ಎಂದರೆ ಬೇಸರಪಡಬೇಕಾಗಿಲ್ಲ. ಆ ಕಲ್ಲಿಗೆ ಆ ಆಕಾರ ಹೇಗೆ ಬಂತೆಂದು ಕೇಳಿ. ಬೆಂಕಿಯಲ್ಲಿ ಉಕ್ಕಿ, ನೀರಿನಲ್ಲಿ ತಣಿದು, ಬಿಸಿಲಿನಲ್ಲಿ ಸವೆದ ಅದರ ಚರಿತ್ರೆಯೂ ಯಾವ ಡೈನೊಸಾರಿನ ಚರಿತ್ರೆಗೂ ಕಡಿಮೆಯದಲ್ಲ.